ತಂದೆಯವರ 22 ಇಂಚಿನ ಸೈಕಲ್ಲು: ದುರಸ್ತಿಯ ಮತ್ತು ಹತ್ತಿ ಕೂರುವ ಅಭ್ಯಾಸದ ದಾಖಲೆ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬಹಳ ವರ್ಷಗಳಿಂದ ನಿಂತಿದ್ದ, ತಂದೆಯವರು ಕಚೇರಿಗೆ ಹೋಗಿಬರಲು ಬಳಸುತ್ತಿದ್ದ ಕಪ್ಪು ಸೈಕಲ್ಲನ್ನು ಓಡುವ ಸ್ಥಿತಿಗೆ ತರುವುದು ಮತ್ತು ಅದರ ಮೇಲೆ ಕುಳಿತು ಓಡಿಸಲು ಕಲಿಯುವುದು, ಈ ಎರಡೂ ಕೆಲಸಗಳ ದಾಖಲೆ ಇದು. ಬಾಲ್ಯದಲ್ಲಿ ನಾನು ಒಳಪೆಡಲ್ ಹೊಡೆಯುವಷ್ಟಕ್ಕೇ (ಅಡ್ಡಕಂಬಿಯ ಕೆಳಗಿನಿಂದ ಕಾಲು ತೂರಿಸಿ ತುಳಿಯುವಷ್ಟಕ್ಕೇ) ನಿಂತವನು. ಅಡ್ಡಕಂಬಿ ದಾಟಿ ಸೀಟಿನ ಮೇಲೆ ಕೂರುವಷ್ಟು ಎತ್ತರ ಬೆಳೆಯುವ ಹೊತ್ತಿಗೆ ಮನೆಗೆ ಲೂನಾ ಬಂದಿತ್ತು. ಈಗ ನಲವತ್ತೇಳನೆಯ ವಯಸ್ಸಿನಲ್ಲಿ ಪುನಃ ಆರಂಭಿಸಿದ್ದೇನೆ. ಬಣ್ಣ ಬಳಿಯುವ, ಹೊಳಪು ಕೊಡುವ ಕೆಲಸಗಳು ಇದರಲ್ಲಿ ಇಲ್ಲ. ಅವುಗಳನ್ನು ಮಾಡಿಯೂ ಇಲ್ಲ.

ಹಂತ 1: ಅಳತೆ

ಟೈರಿನ ಪಕ್ಕದಲ್ಲಿ 28 × 1½ ಎಂಬ ಅಚ್ಚು ಇನ್ನೂ ಓದುವಂತಿತ್ತು. ಮುಂದಿನ ಚಕ್ರಕ್ಕೆ 32 ಕಡ್ಡಿಗಳು, ಹಿಂದಿನದಕ್ಕೆ 40. ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಚಕ್ರದ ಚಿಕ್ಕ ಹಲ್ಲುಚಕ್ರವಾದ ಫ್ರೀವೀಲಿನಲ್ಲಿ 18. ಬ್ರೇಕು ಕೇಬಲ್ಲಿನದಲ್ಲ, ಕಂಬಿಯದು. ಪೆಡಲ್ ಆಕ್ಸಲಿನ (ಎರಡೂ ಬದಿಯ ಪೆಡಲುಗಳನ್ನು ಕೂಡಿಸುವ ಅಚ್ಚಿನ) ನಡುವಿನಿಂದ ಸೀಟಿನ ಕೊಳವೆಯ ತುದಿಯವರೆಗೆ ಅಳೆದಾಗ 22 ಇಂಚು ಬಂದಿತು. ಈ ಮಾದರಿಯ ಸೈಕಲ್ಲುಗಳ ಒಂದು ದೊಡ್ಡ ಅನುಕೂಲವೆಂದರೆ, ತಯಾರಿಸಿದ ಕಂಪನಿ ಯಾವುದೇ ಆಗಿರಲಿ, ಟೈರು, ಚೈನು, ಬೇರಿಂಗಿನ ಗುಂಡು, ಪಿನ್ನುಗಳ ಅಳತೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಹೋದರೆ ಪೇಟೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ಅದರ ಜೋಡಿ ಸಿಗುತ್ತದೆ. ಹ್ಯಾಂಡಲಿನ ಕೆಳಗಿನ ಬೆಸುಗೆಯ ಸುತ್ತ ಮತ್ತು ಫೋರ್ಕಿನ ಬುಡದಲ್ಲಿ ಬಟ್ಟೆಯಿಂದ ಒರೆಸಿ ಬಿರುಕುಗಳಿವೆಯೇ ಎಂದು ನೋಡಿದೆ. ಮೇಲುಮೇಲಿನ ತುಕ್ಕಿನ ಹೊರತು ಚೌಕಟ್ಟು ಗಟ್ಟಿಯಾಗಿತ್ತು.

ಇಷ್ಟನ್ನೆಲ್ಲ ಅಳೆದವನು ನನ್ನ ಕಾಲನ್ನು ಅಳೆದದ್ದು ಟೈರು, ಟ್ಯೂಬು ಕೊಂಡು ತಂದ ಮೇಲೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ಸಂದಿಯಲ್ಲಿ ಮೇಲಕ್ಕೆ ಒತ್ತಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಗುರುತು ಹಾಕಿ ಅಳೆದರೆ 78 ಸೆಂಟಿಮೀಟರ್. ಸೈಕಲ್ಲಿನ ಅಡ್ಡಕಂಬಿ ನೆಲದಿಂದ 81 ಸೆಂಟಿಮೀಟರ್ ಎತ್ತರದಲ್ಲಿತ್ತು, ಸೀಟು 97ರಲ್ಲಿ. ಅಂದರೆ ಎರಡೂ ಪಾದಗಳನ್ನು ನೆಲಕ್ಕೆ ಊರಿ ಅಡ್ಡಕಂಬಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ನಿಲ್ಲುವುದೇ ಸಾಧ್ಯವಿಲ್ಲ. ಸೀಟಿನ ಮೇಲೆ ಕುಳಿತು ಕಾಲು ಊರುವ ಮಾತು ಇನ್ನೂ ದೂರ. ದೊಡ್ಡವರು ಸೈಕಲ್ ಕಲಿಯಲು ಈಗ ಸಾಮಾನ್ಯವಾಗಿ ಹೇಳಿಕೊಡುವ ಕ್ರಮವು, ಪೆಡಲುಗಳನ್ನು ಬಿಚ್ಚಿ, ಸೀಟನ್ನು ಪೂರ್ತಿ ಇಳಿಸಿ, ಕುಳಿತಲ್ಲಿಂದಲೇ ಎರಡೂ ಕಾಲುಗಳಿಂದ ನೆಲವನ್ನು ತಳ್ಳುತ್ತ ಸಮತೋಲ ಕಲಿಯುವುದು, ಈ ಸೈಕಲ್ಲಿಗೆ ಸ್ವಲ್ಪವೂ ಒಗ್ಗುವುದಿಲ್ಲ.

ಇದನ್ನು ಮಾರಿ ಅಡ್ಡಕಂಬಿಯಿಲ್ಲದ ಲೇಡಿಸ್ ಸೈಕಲ್ಲು ಕೊಳ್ಳುವ ಯೋಚನೆ ಬಂದಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳ ಚೌಕಟ್ಟು ತಗ್ಗಾಗಿದ್ದು, ಹೊಸದಾಗಿ ಕಲಿಯುವವರಿಗೆ ಅದೇ ಹೆಚ್ಚು ಅನುಕೂಲವೆಂದು ಇಂದಿಗೂ ಹೇಳುತ್ತೇನೆ. ಆದರೆ ಬೆಂಡು ತೆಗೆಯಲು ಚಕ್ರಗಳನ್ನು ಕೊಟ್ಟುಬಂದಿದ್ದ ಅಂಗಡಿಯ ಹಿರಿಯ ಮೆಕ್ಯಾನಿಕ್ಕರು ನನ್ನ ಲೆಕ್ಕಾಚಾರವನ್ನು ಕೇಳಿ, “ಸಾರ್, ಇದು ನಿಂತ್ಕೊಂಡು ಹತ್ತೋ ಗಾಡಿ ಅಲ್ಲ. ಓಡ್ತಾ ಹತ್ಬೇಕು, ಓಡ್ತಾನೇ ಇಳೀಬೇಕು. ನಿಮ್ಮಪ್ಪಾಜಿ ನಿಮಗಿಂತ ಕುಳ್ಳಗಿದ್ರಲ್ವ?” ಎಂದರು. ತಂದೆಯವರು ನನಗಿಂತ ಎರಡು ಇಂಚು ಕುಳ್ಳರೇ ಆಗಿದ್ದರು. ಎಡ ಪೆಡಲಿನ ಮೇಲೆ ಎಡಗಾಲಿಟ್ಟು, ಬಲಗಾಲಿನಿಂದ ನೆಲವನ್ನು ಒದ್ದು, ಸೈಕಲ್ಲು ಉರುಳುತ್ತಿರುವಾಗ ಬಲಗಾಲನ್ನು ಹಿಂದಿನಿಂದ ತಂದು ಕೂರುವುದು, ಇಳಿಯುವಾಗ ಅದೇ ಕ್ರಮವನ್ನು ಹಿಂದುಮುಂದಾಗಿ ಮಾಡುವುದು ಅವರ ರೂಢಿ.

ಈ ಮಾತಿನ ನಂತರ ದುರಸ್ತಿಯ ಆದ್ಯತೆಗಳು ಬದಲಾದವು. ಓಡುತ್ತ ಹತ್ತುವವನ ಇಡೀ ಭಾರ ಕೆಲವು ಕ್ಷಣ ಎಡ ಪೆಡಲೊಂದರ ಮೇಲೆಯೇ ಇರುತ್ತದೆ. ಆದ್ದರಿಂದ ಮೊದಲು ಗಟ್ಟಿಯಾಗಬೇಕಾದದ್ದು ಆ ಪೆಡಲು, ಅದನ್ನು ಹಿಡಿದಿರುವ ಕ್ರ್ಯಾಂಕು ಮತ್ತು ಆ ಕ್ರ್ಯಾಂಕನ್ನು ಆಕ್ಸಲಿಗೆ ಬಿಗಿದಿರುವ ಕಾಟರ್ ಪಿನ್ನು.

ಹಂತ 2: ಕಾಟರ್ ಪಿನ್ನು

ಎಡ ಪೆಡಲನ್ನು ಕೈಯಿಂದ ಹಿಂದೆ ಮುಂದೆ ಅಲುಗಾಡಿಸಿದಾಗ ಆಕ್ಸಲು ತಿರುಗುವ ಮೊದಲು ‘ಟಕ್’ ಎಂಬ ಸದ್ದಿನೊಂದಿಗೆ ಕ್ರ್ಯಾಂಕು ತುಸು ಜಾರುತ್ತಿತ್ತು. ಇದು ಪಿನ್ನು ಸವೆದಿರುವುದರ ಸ್ಪಷ್ಟ ಗುರುತು.

ಪಿನ್ನನ್ನು ತೆಗೆಯುವ ಮೊದಲ ಪ್ರಯತ್ನ ಸಂಪೂರ್ಣವಾಗಿ ಕೆಟ್ಟಿತು. ನಟ್ಟನ್ನು ಪೂರ್ತಿ ಬಿಚ್ಚಿ ತೆಗೆದು, ಹಗುರವಾದ ಸುತ್ತಿಗೆಯಿಂದ ಪಿನ್ನಿನ ಮರೆಯ (ನಟ್ಟು ಕೂರುವ ತಿರುಪಿನ) ತುದಿಗೆ ಮೆಲ್ಲಮೆಲ್ಲನೆ ಬಡಿಯುತ್ತ ಹೋದೆ. ಪಿನ್ನು ಜರುಗಲಿಲ್ಲ, ಅದರ ತುದಿ ಚಪ್ಪಟೆಯಾಗಿ ಅರಳಿ, ಕ್ರ್ಯಾಂಕಿನ ತೂತಿನಿಂದ ಹೊರಬರಲಾರದಂತೆ ಆಯಿತು. ಕ್ರ್ಯಾಂಕಿನ ಅಡಿಗೆ ಏನನ್ನೂ ಆನಿಸದೆ ಬಡಿದಿದ್ದರಿಂದ ಪ್ರತಿ ಪೆಟ್ಟೂ ಒಳಗಿನ ಗುಂಡು ಮತ್ತು ಕಪ್ಪುಗಳ (ಗುಂಡುಗಳು ಕೂರುವ ಲೋಹದ ಬಟ್ಟಲುಗಳ) ಮೇಲೆ ಬಿದ್ದಿತ್ತು ಎಂಬುದು ಮುಂದಿನ ಹಂತದಲ್ಲಿ ತಿಳಿಯಿತು. ಕೊನೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಲೇತ್ ಕೆಲಸದ ಅಂಗಡಿಯೊಂದರಲ್ಲಿ 50 ರೂಪಾಯಿ ಕೊಟ್ಟು ಆ ಪಿನ್ನಿಗೆ ಡ್ರಿಲ್ ಹಾಕಿಸಿ ತೆಗೆಸಬೇಕಾಯಿತು.

ಬಲಬದಿಯ ಪಿನ್ನನ್ನು ಸರಿಯಾದ ಕ್ರಮದಲ್ಲಿ ತೆಗೆದೆ. ಹಿಂದಿನ ರಾತ್ರಿ ನಟ್ಟಿನ ಸುತ್ತ ಎಣ್ಣೆ ಬಿಟ್ಟೆ. ಬೆಳಿಗ್ಗೆ ನಟ್ಟನ್ನು ಸಡಿಲಿಸಿ, ಅದರ ಮೇಲ್ಮೈ ಪಿನ್ನಿನ ತುದಿಗೆ ಸಮವಾಗುವಲ್ಲಿ ನಿಲ್ಲಿಸಿದೆ. ಹೀಗಿದ್ದಾಗ ಪೆಟ್ಟನ್ನು ನಟ್ಟೂ ಹಂಚಿಕೊಳ್ಳುವುದರಿಂದ ಮರೆ ಕೆಡುವುದಿಲ್ಲ. ಪಿನ್ನಿನ ತಲೆ ಹೊರಬರಲು ಜಾಗವಿರುವಂತೆ ಒಂದು ಗಟ್ಟಿ ಕಬ್ಬಿಣದ ಕೊಳವೆಯ ತುಂಡನ್ನು ಕ್ರ್ಯಾಂಕಿನ ಅಡಿಗೆ ನೆಲದಿಂದಲೇ ಆನಿಸಿ, ಭಾರವಾದ ಸುತ್ತಿಗೆಯಿಂದ ನೇರವಾಗಿ ಒಂದೇ ಪೆಟ್ಟು ಕೊಟ್ಟೆ. ಪಿನ್ನು ಸಡಿಲವಾಯಿತು.

ಹೊಸ ಪಿನ್ನುಗಳು, ಒಂದು ಹೆಚ್ಚಿನದೂ ಸೇರಿ, 60 ರೂಪಾಯಿ. ಹೊಸ ಪಿನ್ನಿನ ಒಂದು ಬದಿಯ ಓರೆಯಾದ ಸಪಾಟು ಭಾಗವು ಆಕ್ಸಲಿನ ಗೀರಿಗೆ ಹಾಗೆಯೇ ಕೂರುತ್ತದೆ ಎಂದು ಭಾವಿಸಬಾರದು. ಜೋಡಿಸಿದ ಮೇಲೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿ ಬಾರದೆ ಒಂದು ತುಸು ಮುಂದೆ ವಾಲಿದ್ದರಿಂದ, ಪಿನ್ನನ್ನು ಹೊರತೆಗೆದು ಸಪಾಟು ಭಾಗವನ್ನು ಅರದಿಂದ ಉಜ್ಜಿ ಪುನಃ ಕೂರಿಸಿ ನೋಡಬೇಕಾಯಿತು. ಎಡ ಬಲದ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಒಳಹೋಗಬೇಕು. ಪಿನ್ನನ್ನು ಸುತ್ತಿಗೆಯಿಂದಲೇ ಬಿಗಿಯಾಗಿ ಕೂರಿಸಬೇಕು. ನಟ್ಟು ಇರುವುದು ಅದನ್ನು ಹಿಡಿದಿಡಲು, ಎಳೆದು ಕೂರಿಸಲು ಅಲ್ಲ. ಮೊದಲ ಸವಾರಿಗಳ ನಂತರ ಮತ್ತೆ ಪೆಟ್ಟು ಕೊಟ್ಟು ನಟ್ಟನ್ನು ಬಿಗಿದಾಗ ಅರ್ಧ ಸುತ್ತಿನಷ್ಟು ಸಡಿಲ ಸಿಕ್ಕಿತು. ಇಷ್ಟನ್ನು ಮಾಡದೆ ಬಿಟ್ಟಿದ್ದರೆ ಹೊಸ ಪಿನ್ನೂ ಹಳೆಯದರಂತೆಯೇ ಸವೆಯುತ್ತಿತ್ತು.

ಹಂತ 3: ಆಕ್ಸಲು, ಗುಂಡುಗಳು, ಪೆಡಲು

ಕ್ರ್ಯಾಂಕುಗಳನ್ನು ಬಿಚ್ಚಿದ್ದಾಗಲೇ ಆಕ್ಸಲನ್ನೂ ಹೊರತೆಗೆದೆ. ಬಲಬದಿಯ ಕಪ್ಪನ್ನು ಮುಟ್ಟಲಿಲ್ಲ. ಅದಕ್ಕೆ ಎಡಮರೆ, ಅಂದರೆ ಉಲ್ಟಾ ತಿರುಪು, ಇರುತ್ತದೆ, ಕೆಟ್ಟಿಲ್ಲದಿದ್ದರೆ ಅಲ್ಲಿಯೇ ಬಿಟ್ಟು ಒರೆಸಿದರೆ ಸಾಕು. ಎಡಬದಿಯ ಕಪ್ಪನ್ನು ತೆಗೆದಾಗ ಗಟ್ಟಿಯಾದ ಕರಿ ಗ್ರೀಸಿನೊಂದಿಗೆ ಗುಂಡುಗಳು ಬಟ್ಟಲಿಗೆ ಬಿದ್ದವು. ಬಲಕ್ಕೆ 11, ಎಡಕ್ಕೆ 10 ಇದ್ದವು. ಎರಡೂ ಕಡೆ ಕಾಲು ಇಂಚಿನ 11 ಗುಂಡುಗಳು ಇರಬೇಕು. ಹಿಂದೆ ಯಾವಾಗಲೋ ಓವರಾಯಿಲಿಂಗ್ ಮಾಡಿದವರ ಕೈಯಿಂದ ಒಂದು ಉರುಳಿಹೋಗಿರಬೇಕು. ಎಡ ಕಪ್ಪಿನಲ್ಲಿ ಗುಂಡು ಓಡುವ ದಾರಿಯ ಮೇಲೆ ಸಣ್ಣ ಕುಳಿಗಳಿದ್ದವು. ಅವುಗಳಲ್ಲಿ ಎಷ್ಟು ಹಳೆಯವು, ಎಷ್ಟು ನನ್ನ ಸುತ್ತಿಗೆಯವು ಎಂದು ಬೇರ್ಪಡಿಸಲಾಗದಿದ್ದರೂ ಹೊಸ ಕಪ್ಪು ಹಾಕುವುದು ಅನಿವಾರ್ಯವಾಯಿತು. ಕಪ್ಪು ಮತ್ತು ಎಲ್ಲ ಗುಂಡುಗಳು ಸೇರಿ 130 ರೂಪಾಯಿ. ಗುಂಡುಗಳ ಬೆಲೆ ತೀರ ಕಡಿಮೆ. ಹಳೆಯವನ್ನು ತೊಳೆದು ಮತ್ತೆ ಹಾಕುವ ಉಳಿತಾಯಕ್ಕೆ ಅರ್ಥವಿಲ್ಲ.

ಸೀಮೆಎಣ್ಣೆ ಸಿಗದ ಕಾರಣ ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆದು, ಕಪ್ಪಿನಲ್ಲಿ ಗ್ರೀಸು ತುಂಬಿ, ಗುಂಡುಗಳನ್ನು ಒಂದೊಂದಾಗಿ ಅದರಲ್ಲಿ ಅಂಟಿಸಿ ಜೋಡಿಸಿದೆ. ಆಕ್ಸಲು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಅಲುಗಾಡಬಾರದು. ಕಪ್ಪನ್ನು ಸರಿಯಾಗಿ ಹೊಂದಿಸಿಟ್ಟರೂ ಹೊರಗಿನ ಬಳೆಯನ್ನು ಬಿಗಿಯುವಾಗ ಕಪ್ಪು ತಾನೂ ತಿರುಗಿ ಬಿಗಿಯಾಗುತ್ತದೆ. ಆದ್ದರಿಂದ ತುಸು ಸಡಿಲವಾಗಿಯೇ ಇಟ್ಟು ಬಳೆಯನ್ನು ಬಿಗಿಯಬೇಕು. ಮುಂದಿನ ಚಕ್ರದ ಹಬ್ಬಿಗೆ (ಚಕ್ರದ ನಡುಗುಂಬಕ್ಕೆ) 3/16 ಇಂಚಿನ ಗುಂಡುಗಳು ಬದಿಗೆ 10ರಂತೆ, ಹಿಂದಿನದಕ್ಕೆ ಕಾಲು ಇಂಚಿನವು ಬದಿಗೆ 9ರಂತೆ ಹಿಡಿದವು. ಅವುಗಳ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಹಳೆಯ ಪೆಡಲಿನ ರಬ್ಬರು ಸವೆದು ನುಣುಪಾಗಿತ್ತು. ಭಾರವೆಲ್ಲ ಅದರ ಮೇಲೆ ನಿಲ್ಲುವುದರಿಂದ ಜಾರುವ ಪೆಡಲನ್ನು ಇಟ್ಟುಕೊಳ್ಳುವಂತಿಲ್ಲ. 180 ರೂಪಾಯಿಗೆ ಗೀರುಗಳಿರುವ ಹೊಸ ಜೋಡಿ ಹಾಕಿದೆ. ಎಡ ಪೆಡಲಿಗೆ ಎಡಮರೆ ಇರುವುದರಿಂದ ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು.

ಹಂತ 4: ಚಕ್ರ, ಟೈರು ಮತ್ತು ಕಂಬಿ ಬ್ರೇಕು

ಕಂಬಿ ಬ್ರೇಕಿನ ರಬ್ಬರುಗಳು ರಿಮ್ಮಿನ ಪಕ್ಕವನ್ನು ಒತ್ತುವುದಿಲ್ಲ. ಒಳಗಡೆಯಿಂದ, ಅಂದರೆ ಕಡ್ಡಿಗಳಿರುವ ಬದಿಯಿಂದ, ರಿಮ್ಮನ್ನು ಎಳೆದು ಹಿಡಿಯುತ್ತವೆ. ಆದಕಾರಣ ರಿಮ್ಮು ಎಡಬಲಕ್ಕೆ ಬಾಗಿರುವುದಕ್ಕಿಂತ ಮೇಲೆ ಕೆಳಗೆ ಏರಿಳಿಯುವುದು ಇಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಚಕ್ರವನ್ನು ತಿರುಗಿಸುತ್ತ ಬ್ರೇಕನ್ನು ಅರ್ಧ ಹಿಡಿದರೆ ಒಂದು ಜಾಗದಲ್ಲಿ ಕಚ್ಚಿ ಇನ್ನೊಂದು ಜಾಗದಲ್ಲಿ ಬಿಡುತ್ತಿತ್ತು. ಹಿಂದಿನ ಚಕ್ರದ ಎರಡು ಕಡ್ಡಿಗಳು ಮುರಿದಿದ್ದವು. ಕಡ್ಡಿ ಹಾಕಿ ಬೆಂಡು ತೆಗೆಯುವ ಕೆಲಸವನ್ನು ನಾನು ಕಲಿಯಹೋಗದೆ ಅಂಗಡಿಗೆ ಕೊಟ್ಟೆ. ಎರಡೂ ಚಕ್ರಗಳಿಗೆ 240 ರೂಪಾಯಿ ಆಯಿತು. ರಿಮ್ಮಿನ ಮೇಲಿನ ತುಕ್ಕನ್ನು ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದಾಗ ಸಾಕಷ್ಟು ಹೋಯಿತು.

ಟೈರು 760, ಟ್ಯೂಬು 280, ಟ್ಯೂಬಿಗೆ ಕಡ್ಡಿಗಳ ತುದಿ ಚುಚ್ಚದಂತೆ ರಿಮ್ಮಿಗೆ ಸುತ್ತುವ ಒಳಪಟ್ಟಿ 30 ರೂಪಾಯಿ. ಮೊದಲ ಟೈರನ್ನು ಸ್ಕ್ರೂಡ್ರೈವರಿನಿಂದ ಒಳತಳ್ಳುವಾಗ ಹೊಸ ಟ್ಯೂಬನ್ನೇ ಚುಚ್ಚಿ, ಬಕೆಟ್ಟಿನ ನೀರಿನಲ್ಲಿ ಗುಳ್ಳೆ ಹುಡುಕಿ ಪ್ಯಾಚು ಹಾಕಿದೆ. ಎರಡನೆಯದನ್ನು ಬರಿಗೈಯಿಂದಲೇ ಹತ್ತಿಸಿದೆ: ಟ್ಯೂಬಿಗೆ ತುಸು ಗಾಳಿ ತುಂಬಿ, ವಾಲ್ವಿನ ಎದುರು ಬದಿಯಿಂದ ಆರಂಭಿಸಿ ವಾಲ್ವಿನ ಬಳಿ ಮುಗಿಸಿದರೆ ಯಾವ ಸಲಕರಣೆಯೂ ಬೇಕಾಗುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಮುಂದಿನ ಚಕ್ರದ ಗಾಳಿ ಇಳಿದಿತ್ತು, ಪಂಕ್ಚರ್ ಎಲ್ಲಿಯೂ ಇರಲಿಲ್ಲ. ವಾಲ್ವಿನ ಮೇಲಿನ ಪುಟ್ಟ ರಬ್ಬರ್ ಕೊಳವೆ, ಅಂದರೆ ವಾಲ್‌ಟ್ಯೂಬ್ ಹರಿದಿತ್ತು. ಹಳೆಯ ಡಬ್ಬಿಯಲ್ಲಿದ್ದ ರಬ್ಬರನ್ನು ಹಾಕಿದ್ದೇ ಅದಕ್ಕೆ ಕಾರಣ.

ಬ್ರೇಕಿನ ನಾಲ್ಕು ರಬ್ಬರುಗಳಿಗೆ 80 ರೂಪಾಯಿ. ರಿಮ್ಮಿನಿಂದ ಸುಮಾರು 3 ಮಿಲಿಮೀಟರ್ ಅಂತರ ಇರುವಂತೆ ಕಂಬಿಯ ಬೋಲ್ಟುಗಳನ್ನು ಹೊಂದಿಸಿದೆ. ಈ ಕೆಲಸವನ್ನು ಮಾಡಬೇಕಾದದ್ದು ಚೈನು ಹಾಕಿದ ಮೇಲೆ. ಚೈನು ಬಿಗಿಯಲು ಹಿಂದಿನ ಚಕ್ರವನ್ನು ಸರಿಸಿದ ಕೂಡಲೇ ಹಿಂದಿನ ಬ್ರೇಕಿನ ಅಂತರವೂ ಬದಲಾಗಿ, ಎಲ್ಲವನ್ನೂ ಮತ್ತೊಮ್ಮೆ ಹೊಂದಿಸಬೇಕಾಯಿತು. ಕಬ್ಬಿಣದ ರಿಮ್ಮು ಒದ್ದೆಯಾದಾಗ ಬ್ರೇಕು ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ ಎಂಬುದು ಮನೆಯ ಮುಂದೆ ಪೈಪಿನ ನೀರು ಬಿಟ್ಟು ನೋಡಿದಾಗಲೇ ಖಚಿತವಾದದ್ದರಿಂದ, ಮಳೆಯಲ್ಲಿ ಇದನ್ನು ಹೊರತೆಗೆಯುವುದಿಲ್ಲ.

ಹಂತ 5: ಫ್ರೀವೀಲು ಮತ್ತು ಚೈನು

44ಕ್ಕೆ 18 ಹಲ್ಲಿನ ಜೋಡಿಯಲ್ಲಿ ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಸುಮಾರು 5.5 ಮೀಟರ್ ಮುಂದೆ ಹೋಗುತ್ತದೆ. ಓಡುತ್ತ ಹತ್ತಿ ಕುಳಿತವನಿಗೆ ವೇಗ ಪೂರ್ತಿ ಇಳಿಯುವುದರೊಳಗೆ ಮೊದಲ ತುಳಿತ ಸಿಗಬೇಕು. ಆ ತುಳಿತ ಭಾರವಾಗಿದ್ದರೆ ಹ್ಯಾಂಡಲು ಓಲಾಡುತ್ತದೆ. 180 ರೂಪಾಯಿಗೆ 22 ಹಲ್ಲಿನ ಫ್ರೀವೀಲು ಹಾಕಿಸಿದ ಮೇಲೆ ಒಂದು ಸುತ್ತಿಗೆ ಸುಮಾರು 4.5 ಮೀಟರ್ ಆಯಿತು. ವೇಗ ಕಡಿಮೆಯಾದರೂ ತುಳಿತ ಹಗುರವಾಯಿತು. ಮಾನಸಗಂಗೋತ್ರಿಯ ಕಡೆಯ ಏರಿನಲ್ಲಿ ಇದರ ಪ್ರಯೋಜನ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಡೀ ದುರಸ್ತಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಲಾಭ ತಂದ ಭಾಗ ಇದೇ ಎಂದು ನನ್ನ ಅಭಿಪ್ರಾಯ.

ಫ್ರೀವೀಲಿನ ಒಳಗೆ ಎದ್ದು ಕೂತು ಹಲ್ಲು ಹಿಡಿಯುವ ಪುಟ್ಟ ಉಕ್ಕಿನ ತುಂಡುಗಳಿರುತ್ತವೆ. ಗ್ರೀಸು ತುಂಬಿದರೆ ಅವು ಅಂಟಿಕೊಂಡು ಪೆಡಲು ಇದ್ದಕ್ಕಿದ್ದಂತೆ ಜಾರುವ ಸಂಭವ ಇರುವುದರಿಂದ, ಅಲ್ಲಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನಷ್ಟೇ ಬಿಟ್ಟೆ.

ಹಳೆಯ ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು ಇರಬೇಕಿತ್ತು. 3/16 ಇಂಚು ಹೆಚ್ಚಿತ್ತು. ಹೊಸ ಚೈನಿಗೆ 220 ರೂಪಾಯಿ. ಫ್ರೀವೀಲು ದೊಡ್ಡದಾದದ್ದರಿಂದ ಹಳೆಯ ಚೈನಿನ ಉದ್ದಕ್ಕೇ ಕತ್ತರಿಸದೆ ಎರಡು ಕೊಂಡಿ ಹೆಚ್ಚು ಉಳಿಸಿಕೊಂಡೆ. ಜೋಡಣೆಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಎರಡು ಹಲ್ಲುಚಕ್ರಗಳ ನಡುವೆ ಚೈನು ಬೆರಳಿಗೆ ಅರ್ಧ ಇಂಚು ಮೇಲೆ ಕೆಳಗೆ ಆಡುವಷ್ಟು ಸಡಿಲ ಬಿಟ್ಟೆ. ಮನೆಯ ಹಿರಿಯರ ಸಲಹೆಯಂತೆ ಮೊದಲು ಚೈನಿಗೆ ತೆಂಗಿನೆಣ್ಣೆ ಹಾಕಿದ್ದೆ. ಡಿಸೆಂಬರಿನ ಚಳಿಗೆ ಅದು ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಬಿಸಿಲೇರಿದ ಮೇಲೆ ಕರಗಿ ಧೂಳನ್ನೆಲ್ಲ ಹಿಡಿದುಕೊಂಡಿತು. ಡೀಸೆಲ್‌ನಲ್ಲಿ ತೊಳೆದು ಎಂಜಿನ್ ಆಯಿಲ್ ಹಾಕಿ, ಮೇಲಿನದನ್ನು ಬಟ್ಟೆಯಿಂದ ಒರೆಸಿದ್ದು ಈವರೆಗೆ ಸರಿಯಾಗಿದೆ.

ಹಂತ 6: ಸೀಟು, ಕ್ಯಾರಿಯರ್

ಸೀಟಿನ ಕಂಬವನ್ನು ಪೂರ್ತಿ ಇಳಿಸಿದ್ದರೂ 97 ಸೆಂಟಿಮೀಟರ್ ಎತ್ತರವಿತ್ತು. ಸೀಟನ್ನು ಕಂಬಕ್ಕೆ ಕಚ್ಚಿಸುವ ಕ್ಲಿಪ್ಪನ್ನು ತಲೆಕೆಳಗು ಮಾಡಿದ್ದರಿಂದ 3 ಸೆಂಟಿಮೀಟರ್, ದೊಡ್ಡ ಸ್ಪ್ರಿಂಗುಗಳ ಹಳೆಯ ಸೀಟಿನ ಬದಲು 420 ರೂಪಾಯಿಯ ತಗ್ಗಿನ ಸೀಟು ಹಾಕಿದ್ದರಿಂದ 4 ಸೆಂಟಿಮೀಟರ್ ಇಳಿದು, 90ಕ್ಕೆ ನಿಂತಿತು. ಈಗ ಪೆಡಲು ಕೆಳಗಿದ್ದಾಗ ಮಂಡಿ ತುಸು ಬಾಗಿರುತ್ತದೆ. ಹಿಂದಿನ ಕ್ಯಾರಿಯರನ್ನು ಬಿಚ್ಚಿ ಇಟ್ಟೆ. ಬಲಗಾಲನ್ನು ಹಿಂದಿನಿಂದ ತರುವಾಗ ಅದರ ಕ್ಲಿಪ್ಪಿಗೆ ಪ್ಯಾಂಟು ಸಿಕ್ಕಿ ಒಮ್ಮೆ ಮೊಣಕಾಲು ತರಚಿಸಿಕೊಂಡದ್ದೇ ಕಾರಣ.

ಗ್ರೀಸು, ಡೀಸೆಲ್, ಉಜ್ಜುಕಾಗದಗಳಿಗೆ ಆದ 210 ರೂಪಾಯಿಯೂ ಸೇರಿ ಸೈಕಲ್ಲಿಗೆ ಒಟ್ಟು 2,840 ರೂಪಾಯಿ ಖರ್ಚಾಯಿತು. ಹೆಲ್ಮೆಟ್ಟಿನ 950 ಬೇರೆ.

ಹಂತ 7: ಹತ್ತುವುದು, ಇಳಿಯುವುದು

ಅಭ್ಯಾಸಕ್ಕೆ ರಿಂಗ್ ರಸ್ತೆಯ ಆಚೆ, ಮನೆಗಳು ಇನ್ನೂ ಏಳದ ಬಡಾವಣೆಯೊಂದರ ಟಾರು ರಸ್ತೆಯನ್ನು ಆರಿಸಿಕೊಂಡೆ. ಕಣ್ಣಿಗೆ ಕಾಣದಷ್ಟು ಇಳಿಜಾರಿದ್ದರೆ ಒಳ್ಳೆಯದು. ಮೊದಲು ಕೂರುವ ಗೋಜಿಗೇ ಹೋಗಲಿಲ್ಲ. ಎಡ ಪೆಡಲನ್ನು ಅತಿ ಕೆಳಗೆ ತಂದು, ಅದರ ಮೇಲೆ ಎಡಗಾಲಿಟ್ಟು, ಬಲಗಾಲಿನಿಂದ ಒದೆಯುತ್ತ ತೇಲುವುದು, ಬ್ರೇಕು ಹಿಡಿದು ಬಲಗಾಲನ್ನು ಊರುವುದು, ಇಷ್ಟೇ. ಪೆಡಲು ಮೇಲಿದ್ದಾಗ ಕಾಲಿಟ್ಟರೆ ಅದು ಒಮ್ಮೆಲೇ ಕೆಳಗಿಳಿದು ಸೈಕಲ್ಲು ಮುಂದೆ ನುಗ್ಗುತ್ತದೆ.

ಆರಂಭದಲ್ಲಿ ಪ್ರತಿ ಬಾರಿಯೂ ಎಡಕ್ಕೆ ವಾಲುತ್ತಿದ್ದೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿಕೊಳ್ಳಲು ಹೆಣಗುತ್ತಿದ್ದುದೇ ಅದಕ್ಕೆ ಕಾರಣವಾಗಿತ್ತು. ನನ್ನ ಮೈಭಾರ ಎಡಗಡೆ ಇರುವಾಗ ಸೈಕಲ್ಲು ತುಸು ಬಲಕ್ಕೆ ವಾಲಿರಲೇಬೇಕು. ಆಗ ಎರಡರ ಭಾರವೂ ಚಕ್ರಗಳ ನೇರಕ್ಕೆ ಬರುತ್ತದೆ. ಹಾಲಿನವರು, ಅಂಚೆಯವರು ಹತ್ತುವುದನ್ನು ಪಕ್ಕದಿಂದಲ್ಲದೆ ಹಿಂದಿನಿಂದ ಗಮನಿಸಿದರೆ ಈ ವಾಲು ಕಾಣುತ್ತದೆ. ಇದು ಕೈಗೆ ಹತ್ತಿದ ಮೇಲೆ ತೇಲುವ ದೂರ ತಾನಾಗಿ ಹೆಚ್ಚಿತು.

ಕಾಲನ್ನು ಹಿಂದಿನಿಂದ ತಂದು ಕೂರುವುದನ್ನು ಆಮೇಲೆ ಸೇರಿಸಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಯಿತು. ಬ್ರೇಕನ್ನು ಪೂರ್ತಿ ಹಿಡಿದು ನಿಲ್ಲಿಸಿ ನಂತರ ಇಳಿಯಲು ಹೋದಾಗಲೆಲ್ಲ, ಕಾಲು ನೆಲಕ್ಕೆ ಎಟುಕದೆ ಸೈಕಲ್ಲಿನೊಂದಿಗೇ ಪಕ್ಕಕ್ಕೆ ಒರಗಿದೆ. ಸರಿಯಾದ ಕ್ರಮ ಹೀಗಿದೆ: ನಿಲ್ಲಬೇಕಾದ ಜಾಗಕ್ಕೆ ಹತ್ತು ಮಾರು ಮೊದಲೇ ತುಳಿಯುವುದನ್ನು ಬಿಟ್ಟು, ಎಡ ಪೆಡಲನ್ನು ಕೆಳಗೆ ತಂದು, ಅದರ ಮೇಲೆ ಎದ್ದು ನಿಂತು, ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಕಾಲುಗಳು ಒಂದೇ ಬದಿಗೆ ಬಂದ ಮೇಲೆ ಎಡಗೈಯ ಹಿಂದಿನ ಬ್ರೇಕನ್ನು ಹಿಡಿಯಬೇಕು. ಬಲಗೈಯದು ಮುಂದಿನ ಚಕ್ರದ್ದು. ಒಂದೇ ಬದಿಗೆ ನಿಂತಿರುವಾಗ ಅದನ್ನು ಒತ್ತಿದರೆ ಹ್ಯಾಂಡಲು ತಿರುಗಿಬಿಡುತ್ತದೆ. ಚೈನಿಗೆ ಅರ್ಧ ಮುಚ್ಚಳವಷ್ಟೇ ಇರುವುದರಿಂದ ಬಲಗಾಲಿನ ಪ್ಯಾಂಟಿನ ಅಂಚಿಗೆ ಕ್ಲಿಪ್ಪು ಹಾಕುವುದು ಕಡ್ಡಾಯ.

ಉಳಿದಿರುವುದು

ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದರೆ ಹ್ಯಾಂಡಲಿನ ಕೊಳವೆಯಲ್ಲಿ ಇನ್ನೂ ಸಣ್ಣ ಆಟವಿದೆ. ಮೇಲಿನ ನಟ್ಟನ್ನು ಬಿಗಿದರೆ ಆಟ ಹೋಗುತ್ತದೆ, ಆದರೆ ಹ್ಯಾಂಡಲು ನೇರ ದಿಕ್ಕಿನಲ್ಲಿ ಕಚ್ಚಿ ನಿಲ್ಲುತ್ತದೆ. ಕಪ್ಪಿನಲ್ಲಿ ಕುಳಿ ಬಿದ್ದಿರುವುದರ ಲಕ್ಷಣ ಇದು. 5/32 ಇಂಚಿನ ಗುಂಡುಗಳನ್ನೂ ಕಪ್ಪುಗಳ ಜೋಡಿಯನ್ನೂ ತಂದಿಟ್ಟುಕೊಂಡು ಮುಂದಿನ ಚಕ್ರ ಮತ್ತು ಫೋರ್ಕನ್ನು ಬಿಚ್ಚಬೇಕು. ಬಲಗೈ ಬಿಟ್ಟು ಸನ್ನೆ ಮಾಡುವ ಅಭ್ಯಾಸವನ್ನು ಅದು ಮುಗಿಯುವವರೆಗೆ ಮುಂದೂಡಿದ್ದೇನೆ. ಸದ್ಯಕ್ಕೆ ಬಲಕ್ಕೆ ತಿರುಗಬೇಕಾದ ಕಡೆಯಲ್ಲೆಲ್ಲ ರಸ್ತೆಯ ಎಡ ಅಂಚಿನಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ದಾಟಿ, ಆಚೆ ಬದಿಯಲ್ಲಿ ಮತ್ತೆ ಹತ್ತುತ್ತಿದ್ದೇನೆ.